ಥೈರಾಯ್ಡ್ ಗಂಟು: ಸ್ಕ್ಯಾನ್ ರಿಪೋರ್ಟ್ ಓದುವುದು ಹೇಗೆ, ಮುಂದೇನು ಮಾಡುವುದು?

ಕತ್ತಿನ ಸ್ಕ್ಯಾನ್ ಮಾಡಿಸುವುದು ಈಗ ತುಂಬಾ ಸಲೀಸು. ಎಷ್ಟೋ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಅದೂ ಸೇರಿರುತ್ತದೆ. ಕತ್ತಿನ ರಕ್ತನಾಳ ನೋಡಲು ಡಾಪ್ಲರ್ ಮಾಡಿಸಿದಾಗ, ಬೈಕಿನಿಂದ ಬಿದ್ದವರಿಗೆ ಸಿಟಿ ಸ್ಕ್ಯಾನ್ ಮಾಡಿದಾಗ ಕೂಡ ಥೈರಾಯ್ಡ್ ಕಣ್ಣಿಗೆ ಬೀಳುತ್ತದೆ. ಹೀಗೆ ಯಾವ ತೊಂದರೆಯೂ ಇಲ್ಲದವರ ಕೈಗೆ ಒಂದು ಹಾಳೆ ಬರುತ್ತದೆ: ‘ಬಲಭಾಗದಲ್ಲಿ 14 ಮಿ.ಮೀ. ನಾಡ್ಯೂಲ್, ಟೈರಾಡ್ಸ್ 3’. ಡಾಕ್ಟರು ಸಿಗುವುದು ಇನ್ನೆರಡು ದಿನ ಬಿಟ್ಟು. ಅಷ್ಟರಲ್ಲಿ ಮನೆಯವರೆಲ್ಲ ಮೊಬೈಲಿನಲ್ಲಿ ಹುಡುಕಿ ಕ್ಯಾನ್ಸರ್ ಎಂಬ ಪದಕ್ಕೆ ಬಂದು ನಿಂತಿರುತ್ತಾರೆ.

ಆ ಹಾಳೆಯಲ್ಲಿ ಬರೆದಿರುವುದು ಏನು, ಅದನ್ನು ನೋಡಿ ಡಾಕ್ಟರು ಹೇಗೆ ತೀರ್ಮಾನಕ್ಕೆ ಬರುತ್ತಾರೆ ಅನ್ನುವುದು ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆಗಳೂ ಸ್ಪಷ್ಟವಾಗುತ್ತವೆ.

ಗಂಟು ಅಂದರೆ ಏನು?

ಥೈರಾಯ್ಡ್ ಗ್ರಂಥಿ ಕತ್ತಿನ ಮುಂಭಾಗದಲ್ಲಿ, ಗಂಟಲ ಉಬ್ಬಿನ ಕೆಳಗೆ, ಶ್ವಾಸನಾಳಕ್ಕೆ ಅಂಟಿಕೊಂಡು ಕೂತಿರುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಲೆ. ನಡುವೆ ಅವೆರಡನ್ನೂ ಸೇರಿಸುವ ಸಣ್ಣ ಪಟ್ಟಿ. ಊಟದಲ್ಲಿ ಸಿಗುವ ಅಯೋಡಿನ್ ಬಳಸಿಕೊಂಡು ಇದು ಟಿ3, ಟಿ4 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಮೈಯ ಬಿಸಿ, ಎದೆಬಡಿತ, ತೂಕ, ಮುಟ್ಟು, ಮಕ್ಕಳ ಬೆಳವಣಿಗೆ ಎಲ್ಲಕ್ಕೂ ಇವು ಬೇಕು.

ಈ ಗ್ರಂಥಿಯ ಒಳಗೆ ಒಂದು ಜಾಗದಲ್ಲಿ ಮಾತ್ರ ಜೀವಕೋಶಗಳು ಜಾಸ್ತಿ ಬೆಳೆದೋ, ದ್ರವ ತುಂಬಿಕೊಂಡೋ ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವ ಭಾಗವೇ ನಾಡ್ಯೂಲ್, ಅಂದರೆ ಗಂಟು. ಅದು ಬರೀ ನೀರುಗುಳ್ಳೆ ಆಗಿರಬಹುದು. ಹಾರ್ಮೋನು ಕೂಡಿಡುವ ಅಂಟು ದ್ರವ ತುಂಬಿದ ಕಾಲಾಯ್ಡ್ ಗಂಟು ಆಗಿರಬಹುದು. ನಿರುಪದ್ರವಿ ಗಡ್ಡೆ ಆಗಿರಬಹುದು. ಕೆಲವೊಮ್ಮೆ ಕ್ಯಾನ್ಸರ್ ಕೂಡ ಆಗಿರಬಹುದು.

ಗಂಟು ಎಷ್ಟು ಸಾಮಾನ್ಯ ಎಂದರೆ ನಂಬಲು ಕಷ್ಟ. ಅಯೋಡಿನ್ ಕೊರತೆ ಇಲ್ಲದ ಊರುಗಳಲ್ಲಿ ಕೈಯಿಂದ ಮುಟ್ಟಿ ನೋಡಿದರೆ ಸುಮಾರು 100 ಹೆಂಗಸರಲ್ಲಿ 5 ಜನರಿಗೆ, 100 ಗಂಡಸರಲ್ಲಿ ಒಬ್ಬರಿಗೆ ಗಂಟು ಸಿಗುತ್ತದೆ. ಅದೇ ಒಳ್ಳೆಯ ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡಿದರೆ? ಬೇರೆ ಬೇರೆ ಅಧ್ಯಯನಗಳಲ್ಲಿ ಈ ಲೆಕ್ಕ ಶೇ. 19ರಿಂದ 68ರವರೆಗೂ ಹೋಗಿದೆ. ವಯಸ್ಸಾದಷ್ಟೂ ಜಾಸ್ತಿ, ಹೆಂಗಸರಲ್ಲಿ ಜಾಸ್ತಿ. ಯಂತ್ರ ಚುರುಕಾಗಿರುವುದರಿಂದ ಮೊದಲು ಯಾರಿಗೂ ಗೊತ್ತಾಗದೆ ಇದ್ದ ಗಂಟುಗಳು ಈಗ ರಿಪೋರ್ಟಿಗೆ ಬರುತ್ತಿವೆ. ಪರೀಕ್ಷೆಗೆ ಒಳಪಡುವ ಗಂಟುಗಳಲ್ಲೂ ಹತ್ತರಲ್ಲಿ ಒಂಬತ್ತು ಕ್ಯಾನ್ಸರ್ ಆಗಿರುವುದಿಲ್ಲ.

ಮೊದಲು ಟಿಎಸ್‌ಎಚ್

ಗಂಟು ಕಂಡ ಮೇಲೆ ಮಾಡಬೇಕಾದ ಮೊದಲ ಪರೀಕ್ಷೆ ರಕ್ತದ ಟಿಎಸ್‌ಎಚ್. ಇದು ಥೈರಾಯ್ಡ್ ತಯಾರಿಸುವ ಹಾರ್ಮೋನು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇದು ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಗಾರೆ ಕೆಲಸದ ಜಾಗದಲ್ಲಿ ಮೇಸ್ತ್ರಿ ಇದ್ದಂತೆ ಪಿಟ್ಯುಟರಿ, ಅವನ ಕೂಗೇ ಟಿಎಸ್‌ಎಚ್. ಕೆಲಸಗಾರ ನಿಧಾನ ಮಾಡಿದರೆ ಮೇಸ್ತ್ರಿಯ ಕೂಗು ಜೋರಾಗುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಮಾಡುತ್ತಿದ್ದರೆ ಮೇಸ್ತ್ರಿ ಸುಮ್ಮನಾಗುತ್ತಾನೆ. ಹಾಗಾಗಿ ಟಿಎಸ್‌ಎಚ್ ಏರಿದ್ದರೆ ಥೈರಾಯ್ಡ್ ಮಂದವಾಗಿದೆ, ಇಳಿದಿದ್ದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥ.

ಗಂಟಿನ ವಿಷಯದಲ್ಲಿ ಇದು ದಾರಿಯನ್ನೇ ಬದಲಿಸುತ್ತದೆ. ಟಿಎಸ್‌ಎಚ್ ಕಡಿಮೆ ಇದ್ದರೆ ಆ ಗಂಟೇ ಹಾರ್ಮೋನು ಸುರಿಸುತ್ತಿರಬಹುದು. ಆಗ ನ್ಯೂಕ್ಲಿಯರ್ ಸ್ಕ್ಯಾನ್ ಮಾಡುತ್ತಾರೆ, ಅಂದರೆ ಸ್ವಲ್ಪ ವಿಕಿರಣಶೀಲ ಔಷಧ ಕೊಟ್ಟು ಥೈರಾಯ್ಡ್ ಅದನ್ನು ಹೇಗೆ ಹೀರಿಕೊಳ್ಳುತ್ತದೆ ಎಂದು ನೋಡುತ್ತಾರೆ. ಗಂಟು ಔಷಧವನ್ನು ಜಾಸ್ತಿ ಹೀರಿಕೊಂಡು ಎದ್ದು ಕಂಡರೆ ಅದಕ್ಕೆ ‘ಹಾಟ್’ ಗಂಟು ಎನ್ನುತ್ತಾರೆ. ಇಂಥ ಗಂಟು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಸಾಮಾನ್ಯವಾಗಿ ಸೂಜಿ ಪರೀಕ್ಷೆಯ (ಗಂಟಿಗೆ ಸೂಜಿ ಹಾಕಿ ಜೀವಕೋಶ ತೆಗೆದು ನೋಡುವುದು) ಅಗತ್ಯ ಬರುವುದಿಲ್ಲ, ಚಿಕಿತ್ಸೆ ಬೇಕಾಗುವುದು ಹಾರ್ಮೋನು ಹೆಚ್ಚಾಗಿರುವುದಕ್ಕೆ. ಗರ್ಭಿಣಿಯರಿಗೆ ಈ ನ್ಯೂಕ್ಲಿಯರ್ ಸ್ಕ್ಯಾನ್ ಮಾಡುವುದಿಲ್ಲ.

ಟಿಎಸ್‌ಎಚ್ ಸರಿಯಾಗಿದ್ದರೆ ಅಥವಾ ಏರಿದ್ದರೆ ಮುಂದಿನ ತೀರ್ಮಾನ ಅಲ್ಟ್ರಾಸೌಂಡ್ ಚಿತ್ರದ ಮೇಲೆ. ಒಂದು ಮಾತು ನೆನಪಿರಲಿ: ಟಿಎಸ್‌ಎಚ್ ನಾರ್ಮಲ್ ಇದೆ ಎಂದ ಮಾತ್ರಕ್ಕೆ ಗಂಟು ನಿರುಪದ್ರವಿ ಅಂತಲ್ಲ. ಗ್ರಂಥಿ ಹೇಗೆ ಕೆಲಸ ಮಾಡುತ್ತಿದೆ ಎಂಬುದು ಬೇರೆ, ಗಂಟು ಯಾವ ಜಾತಿಯದು ಎಂಬುದು ಬೇರೆ.

ರಿಪೋರ್ಟಿನ ಆ ಕಷ್ಟದ ಪದಗಳು

ಅಲ್ಟ್ರಾಸೌಂಡ್ ಮಾಡುವ ರೇಡಿಯಾಲಜಿಸ್ಟ್ ಗಂಟಿನ ಐದು ಗುಣಗಳನ್ನು ನೋಡುತ್ತಾರೆ. ಪ್ರತಿ ಗುಣಕ್ಕೂ ಅಂಕ ಇದೆ. ಎಲ್ಲ ಕೂಡಿಸಿದರೆ ಬರುವ ದರ್ಜೆಯೇ ಟೈರಾಡ್ಸ್. ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಹೊರತಂದ ಪದ್ಧತಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಯುರೋಪಿನವರದ್ದು, ಕೊರಿಯಾದವರದ್ದು ಬೇರೆ ಪದ್ಧತಿಗಳಿವೆ, ಅವುಗಳ ಅಳತೆಗಳಲ್ಲಿ ಸ್ವಲ್ಪ ವ್ಯತ್ಯಾಸ ಇದೆ. ನಿಮ್ಮ ರಿಪೋರ್ಟಿನಲ್ಲಿ ಯಾವುದನ್ನು ಬಳಸಿದ್ದಾರೆ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಮೊದಲನೆಯದು, ಗಂಟಿನ ಒಳಗೆ ಏನಿದೆ? ಪೂರ್ತಿ ದ್ರವ ಇದ್ದರೆ ‘ಸಿಸ್ಟಿಕ್’, ಸೊನ್ನೆ ಅಂಕ. ತುಂಬಾ ಸಣ್ಣ ಸಣ್ಣ ರಂಧ್ರಗಳಿಂದ ಕೂಡಿದ್ದರೆ ‘ಸ್ಪಾಂಜಿಫಾರ್ಮ್’, ಅದಕ್ಕೂ ಸೊನ್ನೆ. ದ್ರವ, ಗಟ್ಟಿ ಎರಡೂ ಇದ್ದರೆ 1. ಪೂರ್ತಿ ಗಟ್ಟಿ, ಅಂದರೆ ‘ಸಾಲಿಡ್’ ಆಗಿದ್ದರೆ 2.

ಎರಡನೆಯದು, ಎಷ್ಟು ಕಪ್ಪಗೆ ಕಾಣುತ್ತದೆ? ಸುತ್ತಲಿನ ಥೈರಾಯ್ಡ್‌ನಷ್ಟೇ ಬೆಳ್ಳಗೆ ಇದ್ದರೆ ‘ಐಸೋಎಕೋಯಿಕ್’, ಇನ್ನೂ ಬೆಳ್ಳಗಿದ್ದರೆ ‘ಹೈಪರ್‌ಎಕೋಯಿಕ್’, ಎರಡಕ್ಕೂ 1. ಕಪ್ಪಗಿದ್ದರೆ ‘ಹೈಪೋಎಕೋಯಿಕ್’, 2 ಅಂಕ. ಪಕ್ಕದ ಸ್ನಾಯುವಿಗಿಂತಲೂ ಕಪ್ಪಗಿದ್ದರೆ 3. ಹೈಪೋಎಕೋಯಿಕ್ ಎಂಬ ಒಂದೇ ಪದ ನೋಡಿ ಹೆದರುವವರು ತುಂಬಾ ಜನ. ಎಷ್ಟೋ ನಿರುಪದ್ರವಿ ಗಂಟುಗಳೂ ಹೀಗೆಯೇ ಕಾಣುತ್ತವೆ. ಆ ಪದ ಒಂದರಿಂದಲೇ ಏನನ್ನೂ ಹೇಳಲಾಗದು.

ಮೂರನೆಯದು ಆಕಾರ. ಕತ್ತನ್ನು ಅಡ್ಡ ಕತ್ತರಿಸಿದಂತೆ ತೋರಿಸುವ ಚಿತ್ರದಲ್ಲಿ ಗಂಟಿನ ಅಗಲಕ್ಕಿಂತ ಎತ್ತರವೇ ಜಾಸ್ತಿ ಇದ್ದರೆ 3 ಅಂಕ. ನಿರುಪದ್ರವಿ ಗಂಟು ಸಾಮಾನ್ಯವಾಗಿ ಜಾಗ ಸಿಕ್ಕ ಕಡೆ, ಅಡ್ಡಡ್ಡ ಹರಡಿಕೊಳ್ಳುತ್ತದೆ. ಅಂಗಾಂಶದ ಪದರಗಳನ್ನು ದಾಟಿ ಮುಂದಿನಿಂದ ಹಿಂದಕ್ಕೆ ಬೆಳೆಯುತ್ತಿದ್ದರೆ ಅನುಮಾನ ಹೆಚ್ಚು.

ನಾಲ್ಕನೆಯದು ಅಂಚು. ನುಣುಪಾಗಿದ್ದರೂ ಸರಿ, ಮಬ್ಬಾಗಿದ್ದರೂ ಸರಿ, ಅಂಕ ಇಲ್ಲ. ಅಂಕುಡೊಂಕಾಗಿದ್ದರೆ 2, ಥೈರಾಯ್ಡ್ ಬಿಟ್ಟು ಹೊರಗೆ ಚಾಚಿದ್ದರೆ 3.

ಐದನೆಯದು ಒಳಗಿನ ಬಿಳಿ ಚುಕ್ಕೆಗಳು. ದೊಡ್ಡ ಸುಣ್ಣದ ತುಣುಕಿಗೆ 1, ಅಂಚಿನ ಸುತ್ತ ಸುಣ್ಣ ಕಟ್ಟಿದ್ದರೆ 2, ಚಿಕ್ಕ ಚಿಕ್ಕ ಚುಕ್ಕೆಗಳಿಗೆ 3. ಈ ಚಿಕ್ಕ ಚುಕ್ಕೆಗಳನ್ನೇ ಕೆಲವು ರಿಪೋರ್ಟುಗಳಲ್ಲಿ ‘ಮೈಕ್ರೋಕ್ಯಾಲ್ಸಿಫಿಕೇಶನ್’ ಎಂದು ಬರೆಯುತ್ತಾರೆ. ಬಾಲ ಇರುವಂತೆ ಕಾಣುವ ದೊಡ್ಡ ಚುಕ್ಕೆಗಳು ಕಾಲಾಯ್ಡ್‌ನಿಂದ ಬಂದವು, ಅವಕ್ಕೆ ಅಂಕ ಇಲ್ಲ.

ಒಟ್ಟು ಸೊನ್ನೆ ಬಂದರೆ ಟೈರಾಡ್ಸ್ 1. ಎರಡು ಬಂದರೆ 2. ಮೂರು ಬಂದರೆ 3. ನಾಲ್ಕರಿಂದ ಆರು ಬಂದರೆ 4. ಏಳು ಅಥವಾ ಹೆಚ್ಚು ಬಂದರೆ 5. ಈ ಪದ್ಧತಿ ರೂಪಿಸುವಾಗ ಲೆಕ್ಕ ಹಾಕಿದಂತೆ, ಟೈರಾಡ್ಸ್ 2ರ ಗಂಟುಗಳಲ್ಲಿ ಕ್ಯಾನ್ಸರ್ ಶೇ. 2ಕ್ಕಿಂತ ಕಡಿಮೆ, 3ರಲ್ಲಿ ಸುಮಾರು ಶೇ. 5, 4ರಲ್ಲಿ ಸುಮಾರು ಶೇ. 9, 5ರಲ್ಲಿ ಸುಮಾರು ಶೇ. 35. ಅಂದರೆ ಅತಿ ಹೆಚ್ಚು ಅನುಮಾನದ 5ನೇ ದರ್ಜೆಯಲ್ಲೂ ಅರ್ಧಕ್ಕಿಂತ ಜಾಸ್ತಿ ಗಂಟುಗಳು ಕ್ಯಾನ್ಸರ್ ಆಗಿರಲಿಲ್ಲ.

ಯಾವ ಗಂಟಿಗೆ ಸೂಜಿ, ಯಾವುದಕ್ಕೆ ಬೇಡ?

ದರ್ಜೆ ಗೊತ್ತಾದ ಮೇಲೆ ಗಾತ್ರ ನೋಡುತ್ತಾರೆ. ಟೈರಾಡ್ಸ್ 1, 2ಕ್ಕೆ ಗಾತ್ರ ಎಷ್ಟಿದ್ದರೂ ಅನುಮಾನಕ್ಕಾಗಿ ಸೂಜಿ ಬೇಡ. ಮೂರಕ್ಕೆ 2.5 ಸೆಂ.ಮೀ. ಅಥವಾ ಮೇಲಿದ್ದರೆ ಸೂಜಿ, 1.5ರ ಮೇಲಿದ್ದರೆ ಆಗಾಗ ಸ್ಕ್ಯಾನ್. ನಾಲ್ಕಕ್ಕೆ 1.5ರ ಮೇಲೆ ಸೂಜಿ, 1ರ ಮೇಲೆ ಸ್ಕ್ಯಾನ್. ಐದಕ್ಕೆ 1 ಸೆಂ.ಮೀ. ಮೇಲೆ ಸೂಜಿ, ಅರ್ಧ ಸೆಂ.ಮೀ. ಮೇಲೆ ಸ್ಕ್ಯಾನ್.

ಮೂರು ಗಂಟುಗಳನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಒಬ್ಬರ ಗಂಟು 2.4 ಸೆಂ.ಮೀ., ಸ್ಪಾಂಜಿಫಾರ್ಮ್. ಅಂಕ ಸೊನ್ನೆ, ಟೈರಾಡ್ಸ್ 1. ಏನೂ ಮಾಡಬೇಕಿಲ್ಲ. ಇನ್ನೊಬ್ಬರದು 1.1 ಸೆಂ.ಮೀ., ಗಟ್ಟಿ, ಕಪ್ಪು, ಅಗಲಕ್ಕಿಂತ ಎತ್ತರ ಜಾಸ್ತಿ. ಎರಡು, ಎರಡು, ಮೂರು ಸೇರಿ ಏಳು. ಟೈರಾಡ್ಸ್ 5, ಒಂದು ಸೆಂ.ಮೀ. ದಾಟಿದೆ, ಸೂಜಿ ಬೇಕು. ದೊಡ್ಡ ಗಂಟಿನವರು ಮನೆಗೆ, ಚಿಕ್ಕ ಗಂಟಿನವರು ಪರೀಕ್ಷೆಗೆ! ‘ದೊಡ್ಡದಾದರೆ ಕೆಟ್ಟದ್ದು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೂರನೆಯದು ನಾವು ಮೊದಲು ನೋಡಿದ 14 ಮಿ.ಮೀ. ಗಂಟು. ಗಟ್ಟಿಯಾಗಿದೆ, ಐಸೋಎಕೋಯಿಕ್, ಅಂಚು ನುಣುಪು. ಅಂಕ ಮೂರು, ಟೈರಾಡ್ಸ್ 3. ಒಂದೂವರೆ ಸೆಂ.ಮೀ.ಗಿಂತ ಚಿಕ್ಕದು. ಈ ಪದ್ಧತಿಯ ಪ್ರಕಾರ ಸೂಜಿಯೂ ಬೇಡ, ಮತ್ತೆ ಸ್ಕ್ಯಾನೂ ಬೇಡ.

ಅಂಕಗಳ ಆಚೆಗೂ ಡಾಕ್ಟರು ನೋಡುವ ಸಂಗತಿಗಳಿವೆ. ಚಿಕ್ಕಂದಿನಲ್ಲಿ ಕತ್ತಿಗೆ ರೇಡಿಯೇಷನ್ ಆಗಿದೆಯೇ? ಮನೆಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಥೈರಾಯ್ಡ್ ಕ್ಯಾನ್ಸರ್ ಇತ್ತೇ? ಕತ್ತಿನ ಪಕ್ಕದಲ್ಲಿ ಅನುಮಾನದ ದುಗ್ಧಗ್ರಂಥಿಗಳು ಕಾಣುತ್ತಿವೆಯೇ? ಬೇರೆ ಕಾರಣಕ್ಕೆ ಮಾಡಿದ ಪೆಟ್ ಸ್ಕ್ಯಾನಿನಲ್ಲಿ ಗಂಟು ಹೊಳೆದು ಕಂಡಿದೆಯೇ? ಇಂಥವು ಇದ್ದರೆ ಮೇಲಿನ ಅಳತೆಗಿಂತ ಚಿಕ್ಕ ಗಂಟಿಗೂ ಸೂಜಿ ಬೇಕಾಗಬಹುದು. ಇವನ್ನು ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ.

ಕೆಲವು ಲಕ್ಷಣಗಳಿದ್ದರೆ ಅಂಕದ ಲೆಕ್ಕಕ್ಕೂ ಕಾಯಬೇಡಿ. ಕೆಲವೇ ವಾರಗಳಲ್ಲಿ ಭರಭರನೆ ಬೆಳೆಯುವ ಗಡ್ಡೆ, ಕಾರಣವಿಲ್ಲದೆ ಒಡೆದು ಹಾಗೇ ಉಳಿದ ದನಿ, ನುಂಗಲು ಅಥವಾ ಉಸಿರಾಡಲು ಕಷ್ಟ, ಕಲ್ಲಿನಷ್ಟು ಗಟ್ಟಿಯಾಗಿ ಅಲುಗದೆ ನಿಂತ ಗಡ್ಡೆ. ಇವಿದ್ದರೆ ಬೇಗ ತೋರಿಸಬೇಕು. ಒಂದೇ ದಿನದಲ್ಲಿ ದಿಢೀರನೆ ಊದಿ ನೋವು ಬಂದರೆ ಅದು ಹೆಚ್ಚಾಗಿ ನೀರುಗುಳ್ಳೆಯೊಳಗೆ ರಕ್ತ ಸೋರಿದ್ದರಿಂದ. ಹಾಗಿದ್ದರೂ ತೋರಿಸಿ ಖಚಿತ ಮಾಡಿಕೊಳ್ಳುವುದೇ ಒಳ್ಳೆಯದು.

ಎಫ್‌ಎನ್‌ಎಸಿ: ಸೂಜಿ ಪರೀಕ್ಷೆ

ಹೆಗಲ ಕೆಳಗೆ ದಿಂಬು ಇಟ್ಟು ಕತ್ತು ಹಿಂದಕ್ಕೆ ಬಾಗಿಸಿ ಮಲಗಿಸುತ್ತಾರೆ. ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಗಂಟಿನೊಳಗೆ ಸಪೂರ ಸೂಜಿ ಹಾಕಿ ಜೀವಕೋಶ ತೆಗೆಯುತ್ತಾರೆ. ರಕ್ತ ತೆಗೆಯುವ ಸೂಜಿಗಿಂತ ಸಾಮಾನ್ಯವಾಗಿ ತೆಳುವಾದದ್ದು. ಎರಡು ಮೂರು ಸಲ ಚುಚ್ಚಬೇಕಾಗಬಹುದು. ಆ ಕ್ಷಣಗಳಲ್ಲಿ ಮಾತಾಡಬಾರದು, ಉಗುಳು ನುಂಗಬಾರದು. ಮುಗಿದ ಮೇಲೆ ಮನೆಗೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮಲ್ಲಿ ತುಂಬಾ ಇದೆ. ಥೈರಾಯ್ಡ್ ಸೂಜಿ ಪರೀಕ್ಷೆಯಲ್ಲಿ ಹಾಗಾಗುವುದು ತೀರಾ ತೀರಾ ಅಪರೂಪ. ಈ ಭಯಕ್ಕೆ ಪರೀಕ್ಷೆ ತಪ್ಪಿಸಿಕೊಂಡರೆ ಆಗುವ ನಷ್ಟವೇ ದೊಡ್ಡದು.

ಫಲಿತಾಂಶ ಬೆಥೆಸ್ಡಾ ಎಂಬ ಆರು ದರ್ಜೆಗಳಲ್ಲಿ ಬರುತ್ತದೆ. ಒಂದು ಎಂದರೆ ಸಾಕಷ್ಟು ಕೋಶ ಸಿಕ್ಕಿಲ್ಲ, ಮತ್ತೊಮ್ಮೆ ಮಾಡಬೇಕು. ಇದನ್ನು ‘ಏನೂ ಇಲ್ಲ’ ಎಂದು ಓದಿಕೊಳ್ಳಬೇಡಿ. ಎರಡು ಎಂದರೆ ನಿರುಪದ್ರವಿ. ಹೆಚ್ಚಿನವರಿಗೆ ಬರುವುದು ಇದೇ. ಐದು ಎಂದರೆ ಬಲವಾದ ಅನುಮಾನ, ಆರು ಎಂದರೆ ಕ್ಯಾನ್ಸರ್. ಇವೆರಡರಲ್ಲಿ ಸಾಮಾನ್ಯವಾಗಿ ಆಪರೇಷನ್ ಮಾತು ಬರುತ್ತದೆ.

ತಲೆ ಕೆಡಿಸುವುದು ಮೂರು ಮತ್ತು ನಾಲ್ಕು, ಅಂದರೆ ಒಳ್ಳೆಯದೋ ಕೆಟ್ಟದ್ದೋ ಖಚಿತವಾಗಿ ಹೇಳಲಾಗದ ದರ್ಜೆಗಳು. 2023ರ ಪರಿಷ್ಕೃತ ಪದ್ಧತಿಯಲ್ಲಿ ಮೂರರಲ್ಲಿ ಕ್ಯಾನ್ಸರ್ ಇರುವ ಸರಾಸರಿ ಅಪಾಯ ಶೇ. 22, ನಾಲ್ಕರದ್ದು ಶೇ. 30. ಯಾಕೆ ಖಚಿತವಾಗಿ ಹೇಳಲಾಗದು? ಫಾಲಿಕ್ಯುಲರ್ ಎಂಬ ಬಗೆಯ ಗಡ್ಡೆಯಲ್ಲಿ ಒಳ್ಳೆಯದರ ಕೋಶಗಳೂ ಕೆಟ್ಟದರ ಕೋಶಗಳೂ ನೋಡಲು ಒಂದೇ ಥರ. ಗಡ್ಡೆ ತನ್ನ ಹೊರಪೊರೆಯನ್ನು ಸೀಳಿದೆಯೇ ಎಂಬುದರಿಂದಷ್ಟೇ ವ್ಯತ್ಯಾಸ ಗೊತ್ತಾಗುತ್ತದೆ. ಸೂಜಿಗೆ ಪೊರೆ ಸಿಗುವುದಿಲ್ಲ, ಬಿಡಿ ಕೋಶಗಳು ಮಾತ್ರ ಸಿಗುತ್ತವೆ. ಹಾಗಾಗಿ ಮೂರಕ್ಕೆ ಹೆಚ್ಚಾಗಿ ಇನ್ನೊಮ್ಮೆ ಸೂಜಿ ಅಥವಾ ಆ ಕೋಶಗಳ ಜೀನ್ ಪರೀಕ್ಷೆ. ನಾಲ್ಕಕ್ಕೆ ಜೀನ್ ಪರೀಕ್ಷೆ, ಇಲ್ಲವೇ ಆ ಕಡೆಯ ಅರ್ಧ ಥೈರಾಯ್ಡ್ ತೆಗೆದು ನೋಡುವುದು.

ಸುಮ್ನೆ ತೆಗೆಸಿಬಿಟ್ಟರೆ ಆಗಲ್ವಾ?

ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಗುವುದು ದಕ್ಷಿಣ ಕೊರಿಯಾದಲ್ಲಿ. ಅಲ್ಲಿ 1999ರಿಂದ ಸರ್ಕಾರದ ಕ್ಯಾನ್ಸರ್ ತಪಾಸಣೆಯ ಜೊತೆಗೆ, ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಥೈರಾಯ್ಡ್ ಸ್ಕ್ಯಾನ್ ಮಾಡಿಸಿಕೊಳ್ಳುವ ರೂಢಿ ಬಂತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದದ್ದಕ್ಕಿಂತ 15 ಪಟ್ಟು ಆಯಿತು. ಆ ರೋಗದಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲೇ ಇಲ್ಲ. ಹೊಸದಾಗಿ ಸಿಕ್ಕವುಗಳಲ್ಲಿ ಹೆಚ್ಚಿನವು ಯಾರನ್ನೂ ಎಂದೂ ಕಾಡದೆ ಇದ್ದುಬಿಡುತ್ತಿದ್ದ ಚಿಕ್ಕ ಕ್ಯಾನ್ಸರ್‌ಗಳು.

ಪತ್ತೆಯಾದ ಬಹುತೇಕರಿಗೆ ಆಪರೇಷನ್ ಆಯಿತು. ಆಪರೇಷನ್ ಆದ 15,000ಕ್ಕೂ ಹೆಚ್ಚು ಜನರ ವಿಮಾ ದಾಖಲೆಗಳನ್ನು ನೋಡಿದಾಗ ಶೇ. 11 ಜನರಿಗೆ ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡಿತ್ತು, ಶೇ. 2 ಜನರಿಗೆ ಧ್ವನಿತಂತುವಿನ ಪಾರ್ಶ್ವವಾಯು ಬಂದಿತ್ತು. ಪ್ಯಾರಾಥೈರಾಯ್ಡ್ ಕೆಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಕೈಕಾಲು ಜುಮ್ಮೆನ್ನುತ್ತದೆ, ಸೆಳೆತ ಬರುತ್ತದೆ. ಪೂರ್ತಿ ಥೈರಾಯ್ಡ್ ತೆಗೆದವರು ಜೀವನಪೂರ್ತಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗಬೇಕು. 2014ರಲ್ಲಿ ಕೊರಿಯಾದ ಕೆಲವು ವೈದ್ಯರೇ ಎದ್ದು ನಿಂತು ಈ ತಪಾಸಣೆ ಬೇಡ ಎಂದು ಜನರಿಗೆ ಹೇಳಿದರು. ಆಪರೇಷನ್‌ಗಳು ಬೇಗನೆ ಇಳಿದವು. 2017ರಲ್ಲಿ ಅಮೆರಿಕದ ರೋಗತಡೆ ಕಾರ್ಯಪಡೆ ಕೂಡ ಲಕ್ಷಣ ಇಲ್ಲದ ದೊಡ್ಡವರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಮಾಡಬಾರದೆಂದು ಹೇಳಿತು. ಪ್ಯಾಕೇಜಿನಲ್ಲಿ ಕತ್ತಿನ ಸ್ಕ್ಯಾನ್ ಸೇರಿಸುವವರೂ ಮಾಡಿಸಿಕೊಳ್ಳುವವರೂ ಇದನ್ನು ಗಮನಿಸಬೇಕು ಎನ್ನುವುದು ನನ್ನ ಕಳಕಳಿ.

ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ 1993ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಒಂದು ಸೆಂ.ಮೀ. ಒಳಗಿನ, ಎಲ್ಲೂ ಹರಡದ ಪ್ಯಾಪಿಲರಿ (ಥೈರಾಯ್ಡಿನಲ್ಲಿ ಅತಿ ಸಾಮಾನ್ಯವಾದ ಬಗೆ) ಕ್ಯಾನ್ಸರ್ ಇದ್ದವರಿಗೆ ಆಪರೇಷನ್ ಮಾಡದೆ ಸ್ಕ್ಯಾನ್ ಮಾಡುತ್ತಾ ಕಾಯುವ ಆಯ್ಕೆ ಕೊಟ್ಟರು. ಹೀಗೆ ಕಾದ 1,235 ಜನರಲ್ಲಿ ಹತ್ತು ವರ್ಷದ ಲೆಕ್ಕಕ್ಕೆ ಗಡ್ಡೆ 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ಶೇ. 8 ಜನರಿಗೆ. ಬೆಳೆದವರಿಗೆ ಆಗ ಆಪರೇಷನ್ ಮಾಡಿದರು. ಥೈರಾಯ್ಡ್ ಕ್ಯಾನ್ಸರಿನಿಂದ ಯಾರೂ ಸಾಯಲಿಲ್ಲ. ಖಚಿತ ಕ್ಯಾನ್ಸರಿಗೇ ಕಾಯಬಹುದಾದರೆ ಬರೀ ಗಂಟಿಗೆ ಆತುರ ಯಾಕೆ?

ನಿರುಪದ್ರವಿ ಗಂಟನ್ನು ತೆಗೆಯಬೇಕಾದ ಸಂದರ್ಭಗಳೂ ಇವೆ. ಅದು ಶ್ವಾಸನಾಳ, ಅನ್ನನಾಳ ಒತ್ತುತ್ತಿದ್ದರೆ, ನೋಡಲು ತೀರಾ ದೊಡ್ಡದಾಗಿ ಮುಜುಗರ ತರುತ್ತಿದ್ದರೆ, ಹಾರ್ಮೋನು ಸುರಿಸುತ್ತಿದ್ದರೆ. ಕೆಲವು ಕಡೆ ಕೊಯ್ಯದೆ, ಸೂಜಿಯ ಮೂಲಕ ಕಾವು ಕೊಟ್ಟು ಕುಗ್ಗಿಸುವ ಆರ್‌ಎಫ್‌ಎ ವಿಧಾನವೂ ಸಿಗುತ್ತದೆ.

ಉಪ್ಪು, ಕೋಸು, ಮಾತ್ರೆ

ಮಲೆನಾಡಿನವರಿಗೆ ಗಳಗಂಡ ಹೊಸದಲ್ಲ. ಮಣ್ಣು, ನೀರಿನಲ್ಲಿ ಅಯೋಡಿನ್ ಕಡಿಮೆ ಇರುವ ಕಡೆ ಥೈರಾಯ್ಡ್ ಊದಿಕೊಳ್ಳುತ್ತದೆ, ಗಂಟುಗಳೂ ಜಾಸ್ತಿ. 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದ್ದು ಇದಕ್ಕೇ. 2006ರಿಂದ ತಿನ್ನುವ ಉಪ್ಪನ್ನು ಅಯೋಡಿನ್ ಸೇರಿಸದೆ ಮಾರುವಂತಿಲ್ಲ. ಈಚೆಗೆ ಆರೋಗ್ಯಕ್ಕೆ ಒಳ್ಳೆಯದೆಂದು ಮನೆಮಂದಿಯೆಲ್ಲ ಸೈಂಧವ ಉಪ್ಪಿಗೆ ಬದಲಾಗುತ್ತಿದ್ದಾರೆ. ಅಯೋಡಿನ್ ಸೇರಿಸಿದ್ದು ಎಂದು ಪ್ಯಾಕೆಟ್ಟಿನ ಮೇಲೆ ಇದೆಯೇ ನೋಡಿ, ಮನೆಯಲ್ಲಿ ಬಸುರಿಯರು, ಮಕ್ಕಳಿದ್ದರಂತೂ ತಪ್ಪದೆ ನೋಡಿ. ಆದರೆ ಇರುವ ಗಂಟನ್ನು ಕರಗಿಸಲು ಅಯೋಡಿನ್ ಮಾತ್ರೆ ನುಂಗುವುದು ಬೇಡ, ಅತಿಯಾದರೆ ಅದೂ ತೊಂದರೆ.

ಕೋಸು ಥೈರಾಯ್ಡಿಗೆ ಕೆಟ್ಟದ್ದು ಎಂಬ ಮಾತಿದೆ, ಆದರೆ ಎಲೆಕೋಸು, ಹೂಕೋಸು ಬೇಯಿಸಿ ಎಂದಿನಂತೆ ತಿನ್ನಬಹುದು. ಟಿಎಸ್‌ಎಚ್ ಸರಿಯಾಗಿರುವಾಗ ಗಂಟು ಕುಗ್ಗಲಿ ಎಂದು ಥೈರಾಕ್ಸಿನ್ ಕೊಡುವ ಹಳೆಯ ಪದ್ಧತಿಯನ್ನು ಈಗಿನ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಎದೆಬಡಿತ ಏರುಪೇರಾಗುವುದು, ಮೂಳೆ ಸವೆಯುವುದು ಅದರ ಅಡ್ಡಪರಿಣಾಮಗಳು.

ಕಾಯುವುದು ಹೇಗೆ, ಎಲ್ಲಿಯವರೆಗೆ?

ಆರು ತಿಂಗಳಿಗೊಮ್ಮೆ ಓಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಮೇಲೆ ಹೇಳಿದ ಪದ್ಧತಿಯಲ್ಲಿ ಗಮನಿಸಬೇಕಾದ ಗಾತ್ರದ ಟೈರಾಡ್ಸ್ 3ಕ್ಕೆ ಒಂದು, ಮೂರು, ಐದನೇ ವರ್ಷದಲ್ಲಿ ಸ್ಕ್ಯಾನ್. ನಾಲ್ಕಕ್ಕೆ ಒಂದು, ಎರಡು, ಮೂರು, ಐದನೇ ವರ್ಷ. ಐದಕ್ಕೆ ಐದು ವರ್ಷ ಪ್ರತಿ ವರ್ಷ. ಅಷ್ಟರವರೆಗೆ ಬದಲಾಗದಿದ್ದರೆ ನಿಲ್ಲಿಸಬಹುದು.

ಒಂದು ರಿಪೋರ್ಟಿನಲ್ಲಿ 14 ಮಿ.ಮೀ., ಮುಂದಿನದರಲ್ಲಿ 15 ಬಂದರೆ ಬೆಳೆದಿದೆ ಎನ್ನಲಾಗದು. ಅಳೆಯುವ ಕೈ ಬದಲಾದರೆ ಅಷ್ಟು ವ್ಯತ್ಯಾಸ ಸಹಜ. ಕನಿಷ್ಠ ಎರಡು ಅಳತೆಗಳಲ್ಲಿ ಶೇ. 20 ಹೆಚ್ಚಾಗಿ, ಆ ಹೆಚ್ಚಳ 2 ಮಿ.ಮೀ. ಆದರೂ ಇರಬೇಕು, ಅಥವಾ ಒಟ್ಟು ಗಾತ್ರ ಶೇ. 50 ಏರಬೇಕು. ಬೆಳೆದರೂ ಅದು ಕ್ಯಾನ್ಸರ್ ಎಂದೇನಿಲ್ಲ. ಇಟಲಿಯಲ್ಲಿ ನಿರುಪದ್ರವಿ ಗಂಟುಗಳಿದ್ದ 992 ಜನರನ್ನು ಐದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 15 ಜನರ ಗಂಟು ಬೆಳೆದಿತ್ತು, ಶೇ. 18ಕ್ಕೂ ಹೆಚ್ಚು ಜನರದ್ದು ತಾನಾಗಿ ಕುಗ್ಗಿತ್ತು. ಆ ಗಂಟುಗಳಲ್ಲಿ ಕ್ಯಾನ್ಸರ್ ಸಿಕ್ಕಿದ್ದು ಶೇ. 0.3ರಲ್ಲಿ.

ಹೋಲಿಸಿ ನೋಡಬೇಕಾದ್ದರಿಂದ ಹಳೆಯ ಫಿಲಂ, ಸಿಡಿ, ರಿಪೋರ್ಟ್ ಎಲ್ಲ ಜೋಪಾನವಾಗಿಡಿ. ಆದಷ್ಟೂ ಒಂದೇ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ. ರಿಪೋರ್ಟಿನಲ್ಲಿ ಬರೀ ‘ನಾಡ್ಯೂಲ್ ಇದೆ’ ಎಂದಿದ್ದು ದರ್ಜೆಯಾಗಲಿ ಐದು ಗುಣಗಳಾಗಲಿ ಬರೆದಿಲ್ಲದಿದ್ದರೆ, ಸೇರಿಸಿ ಕೊಡಿ ಎಂದು ಕೇಳಿ. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಹತ್ತಿರ ಹೋದಾಗ ಮೂರು ಪ್ರಶ್ನೆ ಸಾಕು: ಈ ಗಂಟಿಗೆ ಸೂಜಿ ಬೇಕೇ, ಯಾಕೆ? ಮುಂದಿನ ಸ್ಕ್ಯಾನ್ ಯಾವಾಗ? ಯಾವಾಗ ನಿಲ್ಲಿಸಬಹುದು?

ಮೂರನೆಯದನ್ನು ಕೇಳುವವರು ಕಡಿಮೆ. ಅದಕ್ಕೂ ಉತ್ತರ ಇದೆ. ಎರಡು ಸಲ ಸೂಜಿ ಪರೀಕ್ಷೆ ಮಾಡಿ ಎರಡು ಸಲವೂ ಬೆಥೆಸ್ಡಾ 2 ಬಂದಿದ್ದರೆ, ಕ್ಯಾನ್ಸರ್ ಹುಡುಕುವುದಕ್ಕಾಗಿ ಆ ಗಂಟಿಗೆ ಮತ್ತೆ ಸ್ಕ್ಯಾನ್ ಮಾಡಿಸಬೇಕಿಲ್ಲ ಎಂದು ಅಮೆರಿಕದ ಥೈರಾಯ್ಡ್ ಸಂಘದ 2015ರ ಮಾರ್ಗಸೂಚಿ ಹೇಳಿದೆ.